ಇಲಿಮನೆಯ ಬಾಯಾರು

ಇಲಿಯನ್ನು ಎತ್ತುವ ಮೊದಲು ಬಾಯಾರು, ಅಂದರೆ ನಮ್ಮ ಕಾಲೇಜಿನ ಲ್ಯಾಬಿನ ಮೇಡಂ, ಚಹಾದ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಸೊಲ್ಲಾಪುರದ ಬೇಸಿಗೆಯಲ್ಲೂ ಹಾಗೆಯೇ. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿರುತ್ತಿತ್ತು, ಒಳಗೆ ಇಲಿಗಳಿಗೋಸ್ಕರ ಎ.ಸಿ. ಓಡುತ್ತಿತ್ತು. ನಮಗೆಲ್ಲ ಅದು ಪುಕ್ಕಟೆಯ ತಂಪು. ಬಾಯಾರಿಗೆ ಮಾತ್ರ ಕೈ ತಣ್ಣಗಾಗುವ ಚಿಂತೆ. "ತಣ್ಣನ ಕೈ ಹತ್ತಿದ್ರ ಅದು ಮೈ ಬಿಗಿ ಹಿಡೀತದ. ಅಂಜಿದ ಜೀವಕ್ಕ ಸೂಜಿ ಚುಚ್ಚಬಾರದವ್ವ" ಅನ್ನುತ್ತಿದ್ದರು.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಕಾಲೇಜಿನ ವಾಟ್ಸ್ಯಾಪ್ ಗುಂಪಿನಲ್ಲಿ ಮರಾಠಿಯಲ್ಲಿ ಎರಡು ಸಾಲು ಬಂತು, ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಕೈ ತೊಳೆದು ಬಂದು ಮತ್ತೊಮ್ಮೆ ಓದಿದೆ. ಅವರ ಪದವಿಗಳು, ಅವರು ಕೆಲಸ ಮಾಡಿದ ವಿಭಾಗ, ಅಷ್ಟೇ ಇತ್ತು. ನನ್ನ ಮಕ್ಕಳು ಮರಾಠಿ ಸಾಲೆಯಲ್ಲಿ ಓದಿದವರು, ನಾನು ಬರೆಯುವುದನ್ನು ಅವರು ಓದಲಾರರು. ಆದರೂ ಬಾಯಾರೊಂದಿಗೆ ನಾನು ಆಡಿದ್ದೆಲ್ಲ ಕನ್ನಡವೇ. ಅವರ ಮಾತನ್ನು ಬೇರೆ ಭಾಷೆಯಲ್ಲಿ ಬರೆದರೆ ಅದು ಅವರದಾಗುವುದಿಲ್ಲ.

ಅವರು ಡಾಕ್ಟರು, ಆದರೆ ಗುಳಿಗೆ ಬರೆದುಕೊಡುವ ಡಾಕ್ಟರಲ್ಲ. ಇಲಿಯ ಲಿವರನ್ನು ಕೊಯ್ದು, ಅದು ಹೇಗೆ ಮತ್ತೆ ತುಂಬಿಕೊಳ್ಳುತ್ತದೆ ಎಂದು ನೋಡುವುದು ಅವರ ಇಡೀ ಆಯುಷ್ಯದ ಕೆಲಸ. ಇಲಿಯ ಲಿವರು ಬಿಡಿಬಿಡಿ ಹಾಲೆಗಳಾಗಿ ಇರುತ್ತದೆ. ಅದರಲ್ಲಿ ದೊಡ್ಡ ಹಾಲೆಗಳ ಬುಡಕ್ಕೆ ದಾರ ಕಟ್ಟಿ ಕತ್ತರಿಸಿದರೆ ಮೂರರಲ್ಲಿ ಎರಡು ಪಾಲು ಹೋಗುತ್ತದೆ. ವಾರ, ಹತ್ತು ದಿನದಲ್ಲಿ ತೂಗಿ ನೋಡಿದರೆ ಲಿವರು ಹೆಚ್ಚುಕಡಿಮೆ ಮೊದಲಿನಷ್ಟೇ ತೂಗುತ್ತದೆ. ಕೊಯ್ದ ಹಾಲೆ ಮತ್ತೆ ಚಿಗುರುವುದಿಲ್ಲ, ಉಳಿದ ಸಣ್ಣ ಹಾಲೆಗಳೇ ದೊಡ್ಡದಾಗಿ ಹೋದವರ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಮನುಷ್ಯರ ಲಿವರಿನಲ್ಲಿ ಗಂಟಾದಾಗ ಎಷ್ಟು ಕೊಯ್ಯಬಹುದು, ಎಷ್ಟು ಉಳಿಸಲೇಬೇಕು ಎಂದು ತಿಳಿಯಲು ಇಂಥ ಇಲಿಗಳು ಬೇಕು.

ನಾನು ಅಲ್ಲಿ ಲ್ಯಾಬ್ ಅಸಿಸ್ಟೆಂಟ್. ಇಲಿ ತೂಗುವುದು, ಪಂಜರದ ಹೊಟ್ಟು ಬದಲಿಸುವುದು, ಆಪರೇಶನ್ ಆದ ಇಲಿಯನ್ನು ಬಲ್ಬಿನ ಕೆಳಗೆ ಬೆಚ್ಚಗೆ ಮಲಗಿಸಿ ಸಕ್ಕರೆ ನೀರಿಡುವುದು. ಲಿವರು ಹೋದ ಇಲಿಗೆ ಮೈಯಲ್ಲಿ ಸಕ್ಕರೆ ನಿಲ್ಲುವುದಿಲ್ಲ, ನೀರು ಕುಡಿಯದಿದ್ದರೆ ಹೋಗಿಬಿಡುತ್ತದೆ. ಸಂಜೆ ಮನೆಗೆ ಬಂದರೆ ನಮ್ಮತ್ತೆ ಬಾಗಿಲಲ್ಲೇ ನಿಂತು, "ಮೊದಲ ಬಚ್ಚಲಕ್ಕ ಹೋಗು, ನಿನ್ನ ಗಣಪತಿ ವಾಹನದ ವಾಸನಿ ಪಡಸಾಲಿ ತನಕಾ ಬಂತು" ಅನ್ನುತ್ತಿದ್ದರು.

ಬಾಯಾರ ಶಿಸ್ತು ವಿಚಿತ್ರವಾಗಿತ್ತು. ಲಿವರ್ ಕೊಯ್ದ ಇಲಿಗಳ ಪಕ್ಕಕ್ಕೆ ಯಾವಾಗಲೂ ಇನ್ನೊಂದು ಗುಂಪು ಇರುತ್ತದೆ. ಅವುಗಳ ಹೊಟ್ಟೆ ತೆರೆದು, ಲಿವರನ್ನು ಬೆರಳಿಂದ ಮುಟ್ಟಿ, ಏನನ್ನೂ ಕೊಯ್ಯದೆ ಹೊಲಿದುಬಿಡುವುದು. ಹೊಟ್ಟೆ ತೆರೆದದ್ದರ ಪರಿಣಾಮ ಯಾವುದು, ಲಿವರ್ ಕೊಯ್ದದ್ದರ ಪರಿಣಾಮ ಯಾವುದು ಎಂದು ಬೇರೆ ಮಾಡಲು ಅದು ಬೇಕು. ವಿದ್ಯಾರ್ಥಿಗಳಿಗೆ ಆ ಇಲಿಗಳೆಂದರೆ ಸಸಾರ. ಒಮ್ಮೆ ಲಾತೂರ ಕಡೆಯ ಹುಡುಗಿಯೊಬ್ಬಳು ಅಂಥ ಒಂದು ಇಲಿಯನ್ನು ಬಡಬಡ ಹೊಲಿದು ಬದಿಗಿಟ್ಟು, "ಹೇ ಕಾಯ, ನುಸ್ತ ಉಘಡೂನ ಬಂದ್" ಎಂದಳು. ಇದೇನು, ಬರೀ ತೆರೆದು ಮುಚ್ಚುವುದು ತಾನೆ, ಎಂದು. ಬಾಯಾರು ಅವಳನ್ನು ಬೈಯಲಿಲ್ಲ. ಇಲಿಯನ್ನು ವಾಪಸು ತೆಗೆದುಕೊಂಡು, ಹೊಲಿಗೆ ಬಿಚ್ಚಿ, ಮತ್ತೆ ಹಗುರವಾಗಿ ಹೊಲಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು: "ಇದರ ಹೊಟ್ಟೀನೂ ಹರದದ. ನಾವು ಏನೂ ತಗದಿಲ್ಲ ಅನ್ನೂದು ಇದಕ್ಕೇನು ಗೊತ್ತು?"

ಇನ್ನೊಂದು ಮಾತು. ಪ್ರಯೋಗ ಮುಗಿದ ಮೇಲೆ ಇಲಿಯನ್ನು ಕೊಂದು ಲಿವರ್ ತೂಗಬೇಕು. ಎಲ್ಲರೂ ಅದಕ್ಕೆ 'ಸ್ಯಾಕ್ರಿಫೈಸ್' ಅನ್ನುತ್ತಾರೆ. ಬಾಯಾರು ಆ ಪದ ಬಳಸಲಿಲ್ಲ. "ಬಲಿ ಕೊಡಾಕ ನಾವೇನು ದ್ಯಾವ್ರ ಮುಂದ ಕುಂತೀವೇನ? ಕೊಂದ್ವಿ. ಕೊಂದ್ವಿ ಅನ್ನು" ಎಂದು ನನಗೆ ಕಲಿಸಿದ್ದರು. ಇಲಿಗಳ ವಿಷಯದಲ್ಲಿ ಇಷ್ಟು ಖಡಕ್ಕಾಗಿದ್ದ ಹೆಂಗಸು ಮನೆಯವರ ವಿಷಯದಲ್ಲಿ ಒಮ್ಮೆ ಬಾಯಿ ಮುಚ್ಚಿಕೊಂಡರು. ನಾನು ಹೇಳಬೇಕೆಂದಿರುವುದು ಅದನ್ನೇ.

ಅವರ ತವರು ದುಧನಿ. ಹೊಲಮನೆಯ ಜೊತೆಗೆ ಮಾರ್ಕೆಟ್ಟಿನಲ್ಲಿ ಅಡತಿ ಅಂಗಡಿ, ಅಂದರೆ ರೈತರ ತೊಗರಿ, ಕಡಲೆ ತಂದು ಮಾರಿಸಿಕೊಡುವ ವ್ಯಾಪಾರ. ತಂದೆ-ತಾಯಿ ಹೋದ ಮೇಲೆ ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅಣ್ಣ. ಬಾಯಾರು ಮದುವೆಯಾಗಲಿಲ್ಲ. ಮದುವೆಯ ಮಾತು ಬಂದಾಗೆಲ್ಲ ಅಣ್ಣ ಅಡ್ಡ ನಿಂತು, "ಆಕಿ ಓದಾಕತ್ತಾಳ, ಓದ್ಲಿ" ಎಂದಿದ್ದನಂತೆ. ಎತ್ತರದ ಆಳು, ಬಿಳಿ ಧೋತರ, ತಲೆಗೆ ಟೊಪ್ಪಿಗೆ, ದೊಡ್ಡ ದನಿ. ಗೋದಾಮಿನಲ್ಲಿ ಇಲಿ ಕಂಡರೆ ಸಾಕು, ತಂಗಿಗೆ ಫೋನು. ಸ್ಪೀಕರಿನಲ್ಲಿ ನಮಗೂ ಕೇಳಿಸುತ್ತಿತ್ತು.

"ತಂಗಿ, ನಿನ್ನ ಮಂದಿ ಬಂದಾರವಾ ತೊಗರಿ ತಿನ್ನಾಕ. ಬಂದು ಕರಕೊಂಡ ಹೋಗು."

"ಅವು ನಮ್ಮವಲ್ಲಣ್ಣ. ನಮ್ಮವು ಬೆಳ್ಳಗ ಇರ್ತಾವ."

"ಬೆಳ್ಳಗಿದ್ರ ಏನು, ಕರ್ರಗಿದ್ರ ಏನು? ನಾ ಇಲಿ ಕೊಂದ್ರ ಔಷಧದ ಖರ್ಚು ನಂದು. ನೀ ಕೊಂದ್ರ ಸರಕಾರ ಪಗಾರ ಕೊಡ್ತದ. ಏನ ನಸೀಬವಾ ನಿಂದು!"

ಭಾನುವಾರ ಬಾಯಾರು ತವರಿಗೆ ಹೋಗುವರು. ನನ್ನ ತವರು ಅಕ್ಕಲಕೋಟ, ಹಾಗಾಗಿ ಎಷ್ಟೋ ಸಲ ಕಲಬುರಗಿ ಕಡೆಯ ಒಂದೇ ಪ್ಯಾಸೆಂಜರಿನಲ್ಲಿ ಹೋಗುತ್ತಿದ್ದೆವು. ನಾನು ಅಕ್ಕಲಕೋಟ ರೋಡಿನಲ್ಲಿ ಇಳಿಯುವೆ, ಅವರು ಮುಂದಕ್ಕೆ. ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣನಿಗೆ ಇಲಿಯ ಕಥೆ ಬೇಕೇ ಬೇಕು. ರೊಟ್ಟಿ ಮುರಿಯುತ್ತ, "ಈ ವಾರ ಬೆಳೀತೇನ?" ಎಂದು ಕೇಳುವನು. "ಬೆಳೀತು" ಎಂದರೆ ತಾನೇ ಗೆದ್ದವನಂತೆ ಅಂಗಡಿಯಲ್ಲಿ ಹಮಾಲರಿಗೆ, ರೈತರಿಗೆ ಎಲ್ಲ ಸಾರುವನು: "ನಮ್ಮ ತಂಗಿ ಲಿವರ್ ಕೊಯ್ದ್ರ ಮತ್ತ ಬೆಳೀತದ ನೋಡ್ರಿ!"

ಆ ಅಣ್ಣನಿಗೇ ಲಿವರಿನಲ್ಲಿ ಗಂಟು ಬಂತು. ಕಣ್ಣು ಹಳದಿಯಾದಾಗ ತೋರಿಸಿದರು, ಸೊಲ್ಲಾಪುರದವರು ಪುಣೆಗೆ ಕಳಿಸಿದರು. ಪುಣೆಯ ಸರ್ಜನ್ನು, ತೆರೆದು ನೋಡೋಣ, ಕೊಯ್ಯಲು ಬಂದರೆ ಕೊಯ್ಯೋಣ ಎಂದ. ಅಣ್ಣ ತಂಗಿಯನ್ನು ಕೇಳಿದ್ದು ಒಂದೇ ಮಾತು. "ಎರಡು ಪಾಲು ತಗದ್ರೂ ಬೆಳೀತದಲ್ಲ?" ಬಾಯಾರು, "ಉಳಿದದ್ದು ಛಲೋ ಇದ್ರ ಬೆಳೀತದಣ್ಣ" ಎಂದರು. ಅವನು ಕೇಳಿಸಿಕೊಂಡದ್ದು ಕೊನೆಯ ಮಾತನ್ನು ಮಾತ್ರ. ನಗುತ್ತಲೇ ಆಪರೇಶನ್ ಥಿಯೇಟರಿಗೆ ಹೋದ.

ಹೊಟ್ಟೆ ತೆರೆದರು. ಗಂಟು ಎಲ್ಲ ಕಡೆ ಹರಡಿತ್ತು. ಏನನ್ನೂ ಕೊಯ್ಯದೆ ಹೊಲಿದರು. ಹೊರಗೆ ಬಂದ ಸರ್ಜನ್ನು ಅಣ್ಣನ ಹೆಂಡತಿಗೆ, ಮಕ್ಕಳಿಗೆ, ಬಾಯಾರಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. ವೈನಿ, ಅಂದರೆ ಬಾಯಾರ ಅತ್ತಿಗೆ, ಕಣ್ಣೊರೆಸಿಕೊಂಡು ಎಲ್ಲರಿಂದ ಮನೆದೇವರ ಆಣೆ ಮಾಡಿಸಿದರು. ರೋಗಿಗೆ ಹೇಳಬಾರದು, ಎರಡು ಪಾಲು ಕೊಯ್ದಾರ, ಇನ್ನು ಬೆಳೀತದ ಅನ್ನಬೇಕು. ಮಕ್ಕಳು ಆಣೆ ಮಾಡಿದರು. ಬಾಯಾರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಸುಮ್ಮನಿದ್ದದ್ದನ್ನೇ ಎಲ್ಲರೂ ಒಪ್ಪಿಗೆ ಎಂದುಕೊಂಡರು.

ಮರುದಿನಗಳಲ್ಲಿ ಅವರು ಲ್ಯಾಬಿಗೆ ಬಂದರು, ಕೆಲಸ ಮಾಡಿದರು. ತೆರೆದು ಮುಚ್ಚುವ ಗುಂಪಿನ ಪಂಜರಗಳ ಮುಂದೆ ಮಾತ್ರ ನಿಲ್ಲುತ್ತಿರಲಿಲ್ಲ. ಅವುಗಳ ತೂಕ ನೀನೇ ನೋಡು ಎಂದು ನನಗೆ ಬಿಟ್ಟುಬಿಟ್ಟರು.

ಒಂದು ಭಾನುವಾರ ಗಾಡಿ ಅಕ್ಕಲಕೋಟ ರೋಡಿಗೆ ಬಂದು ನಿಂತಾಗ ನಾನು ಚೀಲ ಎತ್ತಿಕೊಂಡೆ. ಬಾಯಾರು ನನ್ನ ಸೆರಗು ಹಿಡಿದು, "ಇಳೀಬ್ಯಾಡವ್ವ. ನನ್ನ ಜೋಡಿ ದುಧನಿ ತನಕಾ ಬಾ" ಎಂದರು. ಯಾಕೆಂದು ಕೇಳಲಿಲ್ಲ. ಹೋದೆ.

ಅಣ್ಣ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಕೈಕಾಲು ಕಟ್ಟಿಗೆಯಂತೆ ಒಣಗಿದ್ದವು, ಕೆನ್ನೆ ಒಳಗೆ ಹೋಗಿತ್ತು. ಹೊಟ್ಟೆ ಮಾತ್ರ ತುಂಬು ಬಸುರಿಯ ಹೊಟ್ಟೆಯಂತೆ ಬಿಗಿದು ಮುಂದೆ ಬಂದಿತ್ತು. ಪಕ್ಕದ ಸ್ಟೂಲಿನ ಮೇಲೆ ಒಂದು ತಂಬಿಗೆ ಸಕ್ಕರೆ ನೀರು. ನಮ್ಮನ್ನು ಕಂಡದ್ದೇ ಅಂಗಿ ಮೇಲೆತ್ತಿದ.

"ಬಾ ತಂಗಿ, ಬಾ! ನೋಡಿಲ್ಲೆ. ಹ್ಯಾಂಗ ಬೆಳದದ!"

ಬಾಯಾರ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡ. "ನಿನ್ನ ಇಲಿಗೋಳ್ಗೆ ಎಂಟ ದಿನ. ನನಗ ಜರಾ ತಡಾ ಆತು, ನಾ ದೊಡ್ಡ ಇಲಿ ಅಲ್ಲೇನ!" ಎಂದು ನಕ್ಕ. ನಗುವಿನ ನಡುವೆಯೇ ಉಸಿರು ಕಟ್ಟಿ, ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಬಾಗಿಲ ಹಿಂದೆ ವೈನಿ ನಿಂತಿದ್ದರು. ಬಾಯಿಗೆ ಸೆರಗು ಒತ್ತಿಕೊಂಡು, ಬ್ಯಾಡ ಬ್ಯಾಡ ಎಂದು ತಲೆಯಾಡಿಸುತ್ತಿದ್ದರು.

ಊರ ಡಾಕ್ಟರು ಬಂದಿದ್ದರಂತೆ. ಏನೆಂದು ಬಿಡಿಸಿ ಹೇಳದೆ, ಹೊಟ್ಟೆಗೆ ಸೂಜಿ ಹಾಕಿ ಸ್ವಲ್ಪ ತೆಗೆಯುತ್ತೇನೆ, ಹಗುರಾಗುತ್ತದೆ ಎಂದರಂತೆ. ಅಣ್ಣ ಬೈದು ಕಳಿಸಿದ್ದ. "ಅಂವಗ ಏನ ತಿಳೀತದ ಸುಡಗಾಡ! ಇಷ್ಟ ತ್ರಾಸ ಪಟ್ಟು ಬೆಳಸೀನಿ. ಅದನ್ನ ತಗೀತೀನಿ ಅಂತಾನ!" ಮಲಗಿದರೆ ಹೊಟ್ಟೆ ಎದೆಯ ಮೇಲೆ ಬಂದು ಉಸಿರು ನಿಲ್ಲುತ್ತಿತ್ತು. ಆದ್ದರಿಂದ ಎಷ್ಟೋ ದಿನಗಳಿಂದ ಅವನು ಮಲಗಿರಲಿಲ್ಲ. ಹಗಲೂ ರಾತ್ರಿ ಅದೇ ಕುರ್ಚಿ. ಕೂತು ಕೂತು ಬೆನ್ನ ಕೆಳಗೆ ಹುಣ್ಣಾಗಿತ್ತು. ತೂಕಡಿಸಿ ಮುಂದೆ ಬಿದ್ದಾನೆಂದು ಮಗ ಎದೆಗೆ ಅಡ್ಡಲಾಗಿ ಒಂದು ಚಾದರ ಕಟ್ಟುತ್ತಿದ್ದ.

ಆ ದಿನ ಬಾಯಾರು ಏನೂ ಹೇಳಲಿಲ್ಲ. ವಾಪಸು ಗಾಡಿಯಲ್ಲಿ ಬೋರಿನ ನೀರು ಹಾಯಿಸುತ್ತಿದ್ದ ಕಬ್ಬಿನ ಹೊಲಗಳನ್ನು ನೋಡುತ್ತ ತಾವಾಗಿಯೇ ಮಾತು ತೆಗೆದರು.

"ನಮ್ಮಲ್ಲಿ ಹಂಗ ಹೊಟ್ಟಿ ಊದಿದ ಇಲಿ ನೋಡೀದಿ ಇಲ್ಲ?"

"ನೋಡೀನ್ರಿ ಬಾಯಾರ. ನೀರು ತುಂಬಿದ್ವು."

"ಅವುಗಳ ಸುದ್ದಿ ನಾ ಮನ್ಯಾಗ ಎಂದೂ ಹೇಳಿಲ್ಲ. ಮುದಿ ಇಲಿ ಸತ್ತದ್ದು, ಲಿವರ್ ಕೆಟ್ಟ ಇಲಿ ಸತ್ತದ್ದು, ಯಾವುದೂ ಹೇಳಿಲ್ಲ. ಬೆಳದದ್ದಷ್ಟ ಹೇಳೀನಿ. ಅಂವ ರೊಟ್ಟಿ ತಿನ್ಕೋತ ಕೇಳಾಂವ. ಊಟಕ್ಕ ಕುಂತಾಂವನ ಮುಂದ ಸತ್ತದ್ದರ ಸುದ್ದಿ ಹ್ಯಾಂಗ ತಗೀಲಿ? ಎಳೀ ಇಲಿ, ಗಟ್ಟಿ ಇಲಿ ತಂದು ಕೊಯ್ದು, ಬೆಳೀತು ಬೆಳೀತು ಅಂತ ಕುಣಿದೆ. ಅದನ್ನ ಅಂವ ತನ್ನ ಮೈಗೆ ಕಟಗೊಂಡ ಕುಂತಾನ."

ಮುಂದಿನ ಭಾನುವಾರ ಮತ್ತೆ ನನ್ನನ್ನು ಕರೆದುಕೊಂಡು ಹೋದರು. ಸೀದಾ ಅಡುಗೆಮನೆಗೆ ಹೋಗಿ ವೈನಿಯ ಮುಂದೆ ನಿಂತರು.

"ವೈನಿ, ನಾ ಇವತ್ತ ಅಣ್ಣಗ ಹೇಳ್ತೀನಿ."

ವೈನಿಯ ಕೈಯಲ್ಲಿದ್ದ ಸೌಟು ನಿಂತಿತು. "ಆಣಿ ಮರತ್ರೇನ್ರಿ ಅಕ್ಕಾರ?"

"ನಾ ಆಣಿ ಮಾಡಿಲ್ಲ."

"ಸುಮ್ಕ ಇದ್ರೆಲ್ಲ!"

"ಇದ್ದೆ. ಇರಬಾರದಾಗಿತ್ತು."

"ನಿಮ್ಮ ಕೈ ಮುಗೀತೀನ್ರಿ. ಅದೊಂದು ನಂಬಕಿ ಮ್ಯಾಲ ಅವರು ಜೀವ ಹಿಡದಾರ. ಹೇಳಿದ್ರ ಇವತ್ತ ಹೋಗ್ತಾರ."

"ಜೀವ ಎಲ್ಲದ ವೈನಿ? ಕುಂತಲ್ಲೇ ತೇಕಾಕತ್ತಾನ. ನೀರು ತಗಸಿದ್ರ ಮಲಗತಾನ. ಬೆಳದದ ಅಂತ ನಂಬೂ ತನಕ ತಗಸಂಗಿಲ್ಲ. ಸಾಯೂ ತನಕ ಕುಂದರಸ್ತೀರೇನ ಅಂವನ್ನ?"

ವೈನಿ ಒಲೆಯ ಕಡೆ ತಿರುಗಿದರು. ಆದರೂ ಬಾಯಾರು ಅವರ ಬೆನ್ನ ಹಿಂದೆ ಹೇಳಲಿಲ್ಲ. ವೈನಿಯ ಕೈ ಹಿಡಿದುಕೊಂಡೇ ಪಡಸಾಲೆಗೆ ಬಂದರು. ಅಣ್ಣನ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಅವನ ಬಲಗೈಯನ್ನು ಅವನ ಹೊಟ್ಟೆಯ ಒಂದು ಮಗ್ಗುಲಿಗೆ ಇಟ್ಟರು. ಇನ್ನೊಂದು ಮಗ್ಗುಲಿಗೆ ತಮ್ಮ ಬೆರಳಿನಿಂದ ಮೆಲ್ಲಗೆ ಬಡಿದರು.

"ಕೈಗೆ ಏನರೆ ಬಂತೇನಣ್ಣ?"

"ಹೂಂ. ಝುಳುಕ್ ಅಂತು. ತೆರಿ ಬಂದಂಗ."

ಮತ್ತೊಮ್ಮೆ ಬಡಿದರು. ಅವನ ಮುಖದ ಮೇಲೆ ಇನ್ನೂ ನಗು ಇತ್ತು. ಮೂರನೆಯ ಸಲಕ್ಕೆ ಅದು ಹೋಯಿತು. ಆಯುಷ್ಯವಿಡೀ ಚೀಲದ ಮೇಲೆ ಕೈಯಿಟ್ಟು ಒಳಗಿನ ಮಾಲು ಹೇಳಿದ ಮನುಷ್ಯ ಅವನು.

"ಇದು ನೀರು" ಎಂದ.

"ಹೌದಣ್ಣ. ನೀರು. ಲಿವರ್ ಹಿಂಗ ತೆರಿ ಹೊಡಿಯಂಗಿಲ್ಲ."

"ಮತ್ತ ಲಿವರ್?"

"ಕೊಯ್ದಿಲ್ಲ. ಹೊಟ್ಟಿ ತಗದು ನೋಡಿ ಹಂಗ ಹೊಲದಾರ. ಕೊಯ್ಯಾಕ ಬರೂವಂಗ ಇರಲಿಲ್ಲ."

ಅಣ್ಣ ಹೆಂಡತಿಯ ಮುಖ ನೋಡಿದ, ಬಾಗಿಲಲ್ಲಿ ನಿಂತಿದ್ದ ಮಗನ ಮುಖ ನೋಡಿದ, ಕೊನೆಗೆ ನನ್ನದನ್ನೂ ನೋಡಿದ.

"ಎಲ್ಲಾರಿಗೂ ಗೊತ್ತದ. ಹೊರಗಿನಾಕಿ ಈಕಿಗೂ ಗೊತ್ತದ." ದನಿ ಸಣ್ಣಗಾಗಿತ್ತು. "ಇಡೀ ಮಾರ್ಕೆಟ್ಟಿಗೆ ರೇಟು ಗೊತ್ತದ, ಮಾಲಿನ ಮಾಲಕಗಷ್ಟ ಗೊತ್ತಿಲ್ಲ. ಏನ ವ್ಯಾಪಾರ ಮಾಡಿದ್ರ್ಯೋ ನನ್ನ ಜೋಡಿ!"

ಆಮೇಲೆ ಡಾಕ್ಟರನ್ನು ಕರೆಸಿರೆಂದ. ಅವರು ಬಂದು ಹೊಟ್ಟೆಯ ಮಗ್ಗುಲಿಗೆ ಸೂಜಿ ಹಾಕಿ ನಳಿಗೆ ಜೋಡಿಸಿದರು. ನೀರು ಹಳದಿಯಾಗಿ, ಮೆಲ್ಲಗೆ, ಒಂದು ಪ್ಲಾಸ್ಟಿಕ್ ಡಬ್ಬಿಗೆ ಇಳಿಯಿತು. ಅದು ತುಂಬುವುದನ್ನು ಅಣ್ಣ ಕಣ್ಣು ಬಿಟ್ಟುಕೊಂಡು ನೋಡಿದ.

"ಇದನ್ನೇನ ನಾ ಇಷ್ಟ ದಿನ ಜ್ವಾಕಿ ಮಾಡಿದ್ದು?"

ಮಧ್ಯಾಹ್ನ ಅವನನ್ನು ಹೊರಸಿನ ಮೇಲೆ ಮಲಗಿಸಿದರು. ಅಂಗಾತ ಮಲಗಿದ, ಕಾಲು ಚಾಚಿದ. ಕಣ್ಣು ಮುಚ್ಚುವ ಮೊದಲು ತಂಗಿಯ ಕಡೆ ನೋಡದೆ ಹೇಳಿದ: "ನೀ ಇನ್ನ ಹೋಗು." ಅಷ್ಟು ಹೇಳಿ ನಿದ್ದೆಹೋದ. ಗೊರಕೆ ಬಂತು. ವೈನಿ ಅಡುಗೆಮನೆಯಲ್ಲಿ ಅಳುತ್ತಿದ್ದದ್ದು ಆ ಗೊರಕೆ ಕೇಳಿ ನಿಂತಿತು. ಬಾಯಾರು ಹೊಸ್ತಿಲಲ್ಲಿ ನಿಂತು ನೋಡಿದರು. ಗಾಡಿಗೆ ಹೊತ್ತಾಯಿತು ಎಂದು ನಾನೇ ಕರೆದುಕೊಂಡು ಬರಬೇಕಾಯಿತು.

ಅಣ್ಣ ಮತ್ತೆ ಅವರೊಡನೆ ಮಾತಾಡಲಿಲ್ಲ. ಬಾಯಾರು ಪ್ರತಿ ಭಾನುವಾರ ಹೋದರು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಹೊರಸಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ವೈನಿ ಮಾತಿಲ್ಲದೆ ಇಟ್ಟ ಚಹಾ ಕುಡಿದು, ಸಂಜೆಯ ಗಾಡಿಗೆ ಬರುತ್ತಿದ್ದರು. ನೀರು ಮತ್ತೆ ತುಂಬುತ್ತಿತ್ತು, ಮತ್ತೆ ತೆಗೆಯುತ್ತಿದ್ದರು. ಒಮ್ಮೆ ಗಾಡಿಯಲ್ಲಿ ನಾನು, ನಮಗ ತಿಳಿದದ್ದು ಹೇಳದ ಹ್ಯಾಂಗ ಇರೂದ್ರಿ ಬಾಯಾರ, ನೀವು ಮಾಡಿದ್ದು ಬರೋಬರಿ ಅದ ಎಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, "ಬರೋಬರಿ ಆಗೂದಿದ್ರ ಪುಣೆದಾಗ, ಆ ದಿನಾನ ಹೇಳೂದಿತ್ತು. ಅಂವಗ ಹುಣ್ಣಾಗೂ ತನಕಾ ನಾ ಕಾದೆ" ಎಂದು ಕಿಟಕಿಯ ಕಡೆ ತಿರುಗಿದರು.

ಆಮೇಲಿನ ವರ್ಷಗಳಲ್ಲಿ, ನಿವೃತ್ತಿಯ ತನಕವೂ, ಹೊಸ ವಿದ್ಯಾರ್ಥಿಗಳು ಬಂದು "ಲಿವರ್ ಖರಂಚ ವಾಢತಂ ಕಾ ಮ್ಯಾಡಮ್?" ಎಂದು, ನಿಜವಾಗಿಯೂ ಬೆಳೆಯುತ್ತದೆಯೇ ಎಂದು ಕೇಳಿದರೆ, ಅವರು ಹೌದು ಅನ್ನುತ್ತಿರಲಿಲ್ಲ. ಮೊದಲು, ಚೇತರಿಸಿಕೊಳ್ಳದೆ ಸತ್ತ ಇಲಿಗಳ ಲಿವರು ತೇಲುವ ಬಾಟಲಿಗಳ ಕಪಾಟು ತೆರೆದು ಅವರನ್ನು ಅದರ ಮುಂದೆ ನಿಲ್ಲಿಸುತ್ತಿದ್ದರು. ಬೆಳೆದವುಗಳ ಸರದಿ ಆಮೇಲೆ. ಕೆಲವರಿಗೆ ಬೇಸರ ಬರುತ್ತಿತ್ತು. ಬಾಯಾರು ಒಣಗಿದ ಹೆಂಗಸು, ಅವರ ಕೈಕೆಳಗೆ ಉತ್ಸಾಹ ಉಳಿಯುವುದಿಲ್ಲ ಎಂದು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು.

ಅಣ್ಣ ಹೋದ ದಿನ ನಾನೂ ಅವರ ಜೊತೆಗಿದ್ದೆ. ಬೆಳಿಗ್ಗೆ ಮಗನ ಫೋನು ಬಂತು, ಸಿಕ್ಕ ಜೀಪು ಹಿಡಿದು ಹೋದೆವು. ಓಣಿಯ ತಿರುವಿಗೇ ಭಜನೆಯ ತಾಳ ಕೇಳಿಸುತ್ತಿತ್ತು. ಅಂಗಳದ ತುಂಬ ಮಂದಿ, ಅಡತಿಯವರು, ಹಮಾಲರು, ಹೊಲದ ಆಳುಗಳು. ವೈನಿ ನಮ್ಮನ್ನು ಕಂಡು, "ಬಂದ್ರೇನ್ರಿ ಹೇಳಾಕಿ? ನೀವು ಹೇಳಿದ್ದಿಲ್ಲಂದ್ರ ಇನ್ನ ನಾಕ ದಿನ ಇರತಿದ್ರಲ್ರಿ!" ಎಂದು ಎದೆ ಬಡಿದುಕೊಂಡರು. ಬಾಯಾರು ತಲೆ ತಗ್ಗಿಸಿ ಅದನ್ನು ಕೇಳಿಸಿಕೊಂಡು, ಮಂದಿ ಬಿಟ್ಟುಕೊಟ್ಟ ದಾರಿಯಲ್ಲಿ ಒಳಗೆ ಹೋದರು.

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಹೊಲದಲ್ಲಿ ಮಣ್ಣು ಮಾಡುವಾಗಲೂ ಕೂತ ಹಾಗೆಯೇ. ಅಣ್ಣನನ್ನು ಪಡಸಾಲೆಯ ಗೋಡೆಗೆ ಕೂರಿಸಿದ್ದರು. ತಲೆ ವಾಲದಂತೆ ಹಣೆಗೆ ಬಿಳಿ ಬಟ್ಟೆ ಸುತ್ತಿ ಹಿಂದಿನ ಗೂಟಕ್ಕೆ ಕಟ್ಟಿದ್ದರು. ಮೈ ಮುಂದಕ್ಕೆ ಬರದಂತೆ ಎದೆಗೆ ಅಡ್ಡಲಾಗಿ ಇನ್ನೊಂದು ಬಟ್ಟೆ.

ಬಾಯಾರು ಅವನ ಮುಂದೆ ನಿಂತರು. ಅವರು ಈಗ ಅಳುತ್ತಾರೆಂದು ಹೆಂಗಸರು ಹತ್ತಿರ ಬಂದರು. ಅವರು ಅಳಲಿಲ್ಲ. ನನ್ನ ಕಡೆ ಬಾಗಿ, ನನಗಷ್ಟೇ ಕೇಳುವಂತೆ ಅಂದರು:

"ಮತ್ತ ಕುಂದರ್ಸ್ಯಾರ ನೋಡವ್ವ ಅಂವನ್ನ."